ಫ್ಯಾಂಟಮ್‌ನ ಗುಹೆ ಮತ್ತು ನಮ್ಮೂರ ವಾಚನಾಲಯ

ಜೂನ್ 19ರ ವಾಚನ ದಿನಾಚರಣೆಯ ಅಂಗವಾಗಿ ನಾವು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಸಮೀಪದ ಒಂದು ಸಾರ್ವಜನಿಕ ವಾಚನಾಲಯಕ್ಕೆ ಹೋಗಿದ್ದೆವು. ಮಳೆ ಬಿಡದೆ ಸುರಿಯುತ್ತಿತ್ತು. ಕೊಡೆಗಳನ್ನೆಲ್ಲ ಜಗಲಿಯಲ್ಲಿ ಬಿಡಿಸಿಟ್ಟು ಒಳಗೆ ಹೋದೆವು. ವಾಚನಾಲಯದ ಹೊಣೆ ಹೊತ್ತಿದ್ದ ಹಿರಿಯರು ಮಕ್ಕಳನ್ನು ಬೆಂಚುಗಳಲ್ಲಿ ಕುಳ್ಳಿರಿಸಿ, ಮುಂದೆ ಕುಳಿತಿದ್ದ ಹುಡುಗನ ಚೀಲವನ್ನು ತೋರಿಸಿ ಕೇಳಿದರು:

“ಇದರ ಮೇಲೆ ಚಿತ್ರ ಇದೆಯಲ್ಲ, ಇವ ಯಾರು ಮಗಾ?”

“ಸ್ಪೈಡರ್‌ಮ್ಯಾನ್!” ಎಂದು ಇಡೀ ತರಗತಿ ಒಂದೇ ಸ್ವರದಲ್ಲಿ ಕೂಗಿತು.

“ಯಾವ ಊರಿನವ?”

“ನ್ಯೂಯಾರ್ಕ್!”

“ಆಗಲಿ. ಹಾಗಾದರೆ ಕೇಶವಾನಂದ ಭಾರತಿ ಕೇಸು ಎಂದರೆ ಏನು?”

“ನಮ್ಮ ಎಡನೀರು ಸ್ವಾಮಿಗಳ ಕೇಸು” ಎಂದಳು ಒಬ್ಬಳು.

“ಸರಿ. ಯಾತಕ್ಕೆ ಕೇಸು? ಏನು ತೀರ್ಪು?”

ಆಗ ಮಾಡಿಗೆ ಬೀಳುವ ಮಳೆಯ ಸದ್ದಲ್ಲದೆ ಬೇರೆ ಸದ್ದು ಕೇಳಿಸಲಿಲ್ಲ. ಹಿರಿಯರು ನಗುತ್ತಾ, “ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಆ ಜೇಡನ ಕಥೆಯನ್ನು ಅವರಿಗೆ ತಲುಪಿಸುವವರಿದ್ದರು. ನಮ್ಮೂರ ಕಥೆಯನ್ನು ತಲುಪಿಸುವವರು ಯಾರು?” ಎಂದರು. ಆ ಪ್ರಶ್ನೆ ನಮ್ಮನ್ನೇ ಕೇಳಿದಂತಿತ್ತು. ಅಂದಿನಿಂದ ಮನಸ್ಸಿನಲ್ಲಿ ಉಳಿದಿದ್ದ ಆ ಮಾತಿಗೆ ಉತ್ತರ ಹುಡುಕುವ ಪ್ರಯತ್ನವೇ ಈ ಪಾಠ.

ವಾಚನಾಲಯದ ಕಣ್ಣು

ಮನೆಯಲ್ಲಿ ಹಿರಿಯರು ಚಿತ್ರಕಥೆಯ ಪುಸ್ತಕ ಕಂಡರೆ “ಇದೆಂಥ ಓದು?” ಎಂದು ಗದರಿಸುವುದುಂಟು. ಶಾಲೆಯಲ್ಲಿ ನಾವೂ ಗದರಿಸಿದವರೇ. ಆದರೆ ವಾಚನಾಲಯವು ಯಾವ ಪುಸ್ತಕವನ್ನೂ ಗದರಿಸುವುದಿಲ್ಲ. ಅದು ಕೇಳುವುದು ಮೂರೇ ಪ್ರಶ್ನೆ: ಈ ಪುಸ್ತಕದ ವಿಷಯ ಯಾವುದು, ಇದನ್ನು ಎಲ್ಲಿಡಬೇಕು, ಇದನ್ನು ಯಾರು ಒಯ್ದರು.

ಪುಸ್ತಕಗಳನ್ನು ವಿಷಯಕ್ಕೆ ಅನುಸಾರವಾಗಿ ಅಂಕೆಗಳಿಂದ ವಿಂಗಡಿಸುವ ಒಂದು ಕ್ರಮವನ್ನು ಅಮೆರಿಕದ ಮೆಲ್ವಿಲ್ ಡ್ಯೂಯಿ ಎಂಬವರು 1876ರಲ್ಲಿ ಪ್ರಕಟಿಸಿದರು. ಇಂದು ಲೋಕದ ಅನೇಕ ಗ್ರಂಥಾಲಯಗಳಲ್ಲಿ ಅದೇ ಕ್ರಮವಿದೆ. ಅದರ ಪ್ರಕಾರ ಚಿತ್ರಕಥೆಗಳಿಗೆ 741.5, ರಂಗಭೂಮಿಗೆ 792, ಜನಪದ ಕಥೆಗಳಿಗೆ 398.2, ಸಂವಿಧಾನದ ಕಾನೂನಿಗೆ 342. ಅಂದರೆ ಸ್ಪೈಡರ್‌ಮ್ಯಾನನಿಗೂ, ನಮ್ಮ ಯಕ್ಷಗಾನಕ್ಕೂ, ಅಜ್ಜಿಕತೆಗೂ, ಎಡನೀರು ಸ್ವಾಮೀಜಿಯವರ ಕೇಸಿಗೂ ಒಂದೊಂದು ಜಾಗ ಇದ್ದೇ ಇದೆ. ಇನ್ನೂ ಒಂದು ಸ್ವಾರಸ್ಯವನ್ನು ಗಮನಿಸಿರಿ. ಈ ಕ್ರಮದಲ್ಲಿ ಮಲಯಾಳ ಸಾಹಿತ್ಯದ ಸಂಖ್ಯೆ 894.812, ಕನ್ನಡ ಸಾಹಿತ್ಯದ ಸಂಖ್ಯೆ 894.814. ಕಾಸರಗೋಡಿನಲ್ಲಿ ಹೇಗೋ ಹಾಗೆ ಕಪಾಟಿನಲ್ಲೂ ಈ ಎರಡು ಭಾಷೆಗಳು ನೆರೆಮನೆಯವು.

ಹಳ್ಳಿಯ ಸಣ್ಣ ವಾಚನಾಲಯಗಳಿಗೆ ಇಷ್ಟು ಸೂಕ್ಷ್ಮವಾದ ಅಂಕೆಗಳ ಅಗತ್ಯ ಬೀಳದು. ಪುಸ್ತಕ ಸೇರಿದ ದಿನ ದಾಖಲೆ ಪುಸ್ತಕದಲ್ಲಿ ಒಂದು ಕ್ರಮಸಂಖ್ಯೆ ಬರೆದರೆ ಸಾಕು. ಆದರೆ ತತ್ತ್ವ ಒಂದೇ: ಬರೆದು, ಅಚ್ಚಾಗಿ, ಸಂಖ್ಯೆ ಪಡೆದು ಕಪಾಟು ಸೇರಿದ್ದು ಮಾತ್ರ ವಾಚನಾಲಯದ ಕಣ್ಣಿಗೆ ಕಾಣುತ್ತದೆ. ಎಷ್ಟೇ ದೊಡ್ಡ ಸಂಗತಿಯಾದರೂ ಬರೆಯದೆ ಉಳಿದರೆ ಅದು ಕಾಣದು.

ದೂರದಿಂದ ಬಂದವನು

ಸ್ಪೈಡರ್‌ಮ್ಯಾನ್ ಮೊದಲು ಅಚ್ಚಾದದ್ದು 1962ರಲ್ಲಿ. ಆದರೆ ಅವನಿಗಿಂತ ಮೊದಲೇ ನಮ್ಮ ತಂದೆತಾಯಂದಿರ ಕಾಲದಲ್ಲಿ ಕನ್ನಡ ಮಾತಾಡಿದ ಅಮೆರಿಕದ ವೀರನೊಬ್ಬನಿದ್ದ. ಅವನ ಹೆಸರು ಫ್ಯಾಂಟಮ್. ಲೀ ಫಾಕ್ ಎಂಬವರು 1936ರ ಫೆಬ್ರವರಿಯಲ್ಲಿ ಅಮೆರಿಕದ ದಿನಪತ್ರಿಕೆಗಳಿಗಾಗಿ ಇವನ ಕಥೆಯನ್ನು ಆರಂಭಿಸಿದರು. ‘ಟೈಮ್ಸ್ ಆಫ್ ಇಂಡಿಯಾ’ ಬಳಗದವರು 1964ರ ಮಾರ್ಚಿನಲ್ಲಿ ‘ಇಂದ್ರಜಾಲ್ ಕಾಮಿಕ್ಸ್’ ಮಾಲೆಯನ್ನು ಹೊರತಂದಾಗ ಮೊದಲಿಗೆ ಬಂದವನು ಇವನೇ. ಮುಂದೆ ಆ ಮಾಲೆ ಕನ್ನಡವೂ ಸೇರಿ ಭಾರತದ ಹಲವು ಭಾಷೆಗಳಲ್ಲಿ ಬಂತು, 1990ರಲ್ಲಿ ನಿಂತಿತು. ‘ಸುಧಾ’ ವಾರಪತ್ರಿಕೆ ಕೈಗೆ ಬಂದ ಕೂಡಲೇ ಫ್ಯಾಂಟಮ್‌ನ ಪುಟವನ್ನೇ ಮೊದಲು ಬಿಡಿಸುತ್ತಿದ್ದವರು ನಿಮ್ಮ ಮನೆಯಲ್ಲೂ ಇರಬಹುದು, ಕೇಳಿ ನೋಡಿರಿ.

ದೂರದ ಅತಿಥಿ ನಮ್ಮ ಮನೆಗೆ ಬಂದಾಗ ಇಲ್ಲಿಯ ಮರ್ಯಾದೆಗೆ ತಕ್ಕಂತೆ ನಡೆದುಕೊಳ್ಳಬೇಕಷ್ಟೆ. ಮೂಲದಲ್ಲಿ ಫ್ಯಾಂಟಮ್‌ನ ವೈರಿಗಳಾದ ಕಡಲ್ಗಳ್ಳರಿಗೆ ‘ಸಿಂಗ್’ ಎಂಬ ಹೆಸರಿತ್ತು. ನಮ್ಮವರ ಹೆಸರನ್ನು ಕಳ್ಳರಿಗೆ ಇಡುವುದು ಸರಿಯಲ್ಲವೆಂದು ಇಲ್ಲಿಯ ಸಂಪಾದಕರು ಅದನ್ನು ‘ಸಿಂಗಾ’ ಎಂದು ಮಾರ್ಪಡಿಸಿದರು. ಬಂಗಾಳವನ್ನು ನೆನಪಿಸುತ್ತಿದ್ದ ಅವನ ನಾಡಿನ ಹೆಸರು ‘ಡೆಂಕಾಲಿ’ ಎಂದಾಯಿತು.

ಫ್ಯಾಂಟಮ್‌ನ ವಿಷಯದಲ್ಲಿ ನಮಗೆ ಮುಖ್ಯವಾದ ಸಂಗತಿ ಬೇರೆಯೇ ಇದೆ. ಕಾಡಿನ ಜನರು ಅವನಿಗೆ ಸಾವೇ ಇಲ್ಲವೆಂದು ನಂಬಿದ್ದಾರೆ. ನಿಜವೇನೆಂದರೆ, ತಂದೆ ಸತ್ತಾಗ ಮಗ ಅದೇ ಉಡುಪು ತೊಟ್ಟು, ಅದೇ ಮುಖವಾಡ ಧರಿಸಿ ಮುಂದುವರಿಯುತ್ತಾನೆ. ಹೀಗೆ ಇಪ್ಪತ್ತೊಂದು ತಲೆಮಾರು ಕಳೆದಿದೆ. ಈ ಪರಂಪರೆ ಕಡಿದುಹೋಗದಂತೆ ಕಾಪಾಡಿದ್ದು ಅವರ ತೋಳಿನ ಬಲವೊಂದೇ ಅಲ್ಲ. ತಲೆಬುರುಡೆಯ ಆಕಾರದ ಅವರ ಗುಹೆಯೊಳಗೆ ಒಂದು ಗ್ರಂಥಭಂಡಾರವಿದೆ. ಪ್ರತಿಯೊಬ್ಬ ಫ್ಯಾಂಟಮ್ ತನ್ನ ಕಾಲದಲ್ಲಿ ನಡೆದುದನ್ನು ದೊಡ್ಡ ದೊಡ್ಡ ಸಂಪುಟಗಳಲ್ಲಿ ತನ್ನ ಕೈಯಿಂದಲೇ ಬರೆದಿಡುತ್ತಾನೆ. ಮಗ ಅದನ್ನು ಓದಿ ತಿಳಿಯುತ್ತಾನೆ. ಚಿತ್ರಕಥೆಯ ಹೊಡೆದಾಟವನ್ನು ನೋಡುತ್ತಾ ನಾವು ಈ ಪುಟವನ್ನು ಮಗುಚಿಬಿಡುತ್ತೇವೆ. ನಾವು ಅವನಿಂದ ಕಲಿಯಬೇಕಾದದ್ದು ಮಾತ್ರ ಇದನ್ನೇ.

ಕಾರ್ಕಳದವರೊಬ್ಬರ ಉತ್ತರ

ದೂರದ ಕಥೆಯನ್ನು ಕಂಡು ನಮ್ಮ ಕಥೆಯನ್ನು ಹೇಳಲು ಹೊರಟವರೊಬ್ಬರು ನಮ್ಮ ನೆರೆಯ ಕಾರ್ಕಳದಲ್ಲೇ ಹುಟ್ಟಿದವರು. ಅವರು ಅನಂತ ಪೈ (1929–2011). ಫ್ಯಾಂಟಮ್‌ನ ಕಥೆಗಳನ್ನು ಹೊರತಂದ ‘ಇಂದ್ರಜಾಲ್ ಕಾಮಿಕ್ಸ್’ನಲ್ಲಿ ಅವರು ಕೆಲಸ ಮಾಡಿದ್ದರು. 1967ರಲ್ಲಿ ದಿಲ್ಲಿ ದೂರದರ್ಶನದ ಒಂದು ರಸಪ್ರಶ್ನೆಯಲ್ಲಿ ಗ್ರೀಕ್ ಪುರಾಣದ ಪ್ರಶ್ನೆಗೆ ಸರಾಗವಾಗಿ ಉತ್ತರ ಹೇಳಿದ ವಿದ್ಯಾರ್ಥಿಗಳು ಶ್ರೀರಾಮನ ತಾಯಿಯ ಹೆಸರನ್ನು ಕೇಳಿದಾಗ ಸುಮ್ಮನೆ ನಿಂತುದನ್ನು ಕಂಡು ತಾವು ಯೋಚನೆಗೆ ಬಿದ್ದುದಾಗಿ ಅವರೇ ಹೇಳಿಕೊಂಡಿದ್ದಾರೆ. ನಮ್ಮ ವಾಚನಾಲಯದ ಹಿರಿಯರು ಕೇಳಿದ ಪ್ರಶ್ನೆಗೂ ಇದಕ್ಕೂ ಎಷ್ಟು ಹೋಲಿಕೆ!

ಅನಂತ ಪೈಗಳು ಮಕ್ಕಳನ್ನು ಬೈಯಲಿಲ್ಲ, ವಿದೇಶದ ಚಿತ್ರಕಥೆಯನ್ನು ಸುಡಿರೆಂದೂ ಹೇಳಲಿಲ್ಲ. ಆ ಚಿತ್ರಕಥೆಯ ವಿಧಾನವನ್ನೇ ಹಿಡಿದು ‘ಅಮರ ಚಿತ್ರ ಕಥೆ’ಯಲ್ಲಿ ಕೃಷ್ಣನ ಕಥೆ ಹೇಳಿದರು. ಈ ಮಾಲೆಯ ಹುಟ್ಟಿನಲ್ಲಿ ಕನ್ನಡಕ್ಕೂ ಪಾಲಿದೆ ಎಂಬುದು ಬಹಳ ಜನರಿಗೆ ತಿಳಿಯದು. ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ. ಕೆ. ಅನಂತರಾಮ್ ಅವರ ಯೋಜನೆಯಂತೆ 1965ರಲ್ಲಿ ಇದರ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಆ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳೇ. ಹನ್ನೊಂದನೆಯದಾಗಿ ಬಂದವನು ಕೃಷ್ಣ.

ಕೇರಳದಲ್ಲೂ ಹೀಗೆಯೇ ಆಯಿತು. 1983ರಲ್ಲಿ ಮಲಯಾಳದ ‘ಬಾಲಮಂಗಳಂ’ ಪತ್ರಿಕೆಯಲ್ಲಿ ಡಿಂಕನ್ ಎಂಬ ಇಲಿ ಹುಟ್ಟಿತು. ಸೂಪರ್‌ಮ್ಯಾನನಂತೆ ಹಾರುವ, ದುಷ್ಟರನ್ನು ಸದೆಬಡಿಯುವ ಇಲಿ ಅದು. ಕನ್ನಡದ ‘ಬಾಲಮಂಗಳ’ದಲ್ಲಿ ಅದರ ಹೆಸರು ಡಿಂಗ. ಅಮೆರಿಕದ ವೀರರ ಬಲ, ಕೋಟ್ಟಯಂನ ಹುಟ್ಟು, ಕನ್ನಡದ ಮಾತು. ನಾವು ಚಿಕ್ಕವರಿದ್ದಾಗ ಓದಿ ನಲಿದ ಆ ಡಿಂಗನನ್ನು ಇಂದಿಗೂ ಮರೆತಿಲ್ಲ. ಆದುದರಿಂದ ಹೊರಗಿನಿಂದ ಬಂದ ಕಥೆಗೆ ಹೆದರಬೇಕಾಗಿಲ್ಲ. ನಮ್ಮಲ್ಲಿ ಬರೆಯುವವರು ಇಲ್ಲದಿದ್ದರೆ ಮಾತ್ರ ಹೆದರಬೇಕು.

ನಮ್ಮೂರಿನ ಸಂಗತಿ

ಈಗ ಅಂದು ಉತ್ತರ ಸಿಗದೆ ಉಳಿದ ಪ್ರಶ್ನೆಗೆ ಬರೋಣ. ಕೇರಳದಲ್ಲಿ 1963ರ ಭೂಸುಧಾರಣೆಯ ಕಾನೂನಿಗೆ 1969ರಲ್ಲಿ ತಿದ್ದುಪಡಿಯಾಗಿ, 1970ರ ಜನವರಿ 1ರಿಂದ ಒಕ್ಕಲುತನ ರದ್ದಾಯಿತು. ಉಳುವ ಒಕ್ಕಲಿಗೆ ಭೂಮಿ ದೊರೆಯುವ ದಾರಿ ತೆರೆಯಿತು. ಭೂಮಿಯ ಮೇಲೆ ನಡೆಯುತ್ತಿದ್ದ ಮಠಗಳಿಗೆ ಇದರಿಂದ ಆದಾಯದ ಪ್ರಶ್ನೆ ಎದುರಾಯಿತು. ಆಗ ಇನ್ನೂ ಮೂವತ್ತು ತುಂಬದ ಎಡನೀರು ಮಠಾಧೀಶ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು.

ಅರ್ಜಿ ವಿಚಾರಣೆಗೆ ಬರುವಷ್ಟರಲ್ಲಿ ಪ್ರಶ್ನೆ ಬೆಳೆದಿತ್ತು. ಪಾರ್ಲಿಮೆಂಟಿಗೆ ಸಂವಿಧಾನವನ್ನು ಹೇಗೆ ಬೇಕಾದರೂ ತಿದ್ದುವ ಅಧಿಕಾರವಿದೆಯೇ? ಹದಿಮೂರು ಮಂದಿ ನ್ಯಾಯಾಧೀಶರು ಒಟ್ಟಾಗಿ ಕುಳಿತು 68 ದಿನ ವಾದ ಕೇಳಿದರು. ಸ್ವಾಮೀಜಿಯವರ ಪರವಾಗಿ ನಾನಿ ಪಾಲ್ಖಿವಾಲ ಅವರು ವಾದಿಸಿದರು. 1973ರ ಏಪ್ರಿಲ್ 24ರಂದು ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆಯಾಗಿ ತೀರ್ಪು ಹೊರಬಿತ್ತು. ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು ಎಂಬುದೇ ಅದರ ಸಾರ. ಭೂಮಿಯ ವಿಷಯದಲ್ಲಿ ಮಠವು ಬಯಸಿದ ಪರಿಹಾರ ದೊರೆಯಲಿಲ್ಲ. ದೇಶಕ್ಕೆ ದೊರೆತದ್ದು ದೊಡ್ಡದು. 1989ರಲ್ಲಿ ಬಾಂಗ್ಲಾದೇಶದ ಸುಪ್ರೀಂ ಕೋರ್ಟು ಕೂಡ ತನ್ನ ಸಂವಿಧಾನದ ವಿಷಯದಲ್ಲಿ ಇದೇ ತತ್ತ್ವವನ್ನು ಅಂಗೀಕರಿಸಿತು. ಯಕ್ಷಗಾನ, ಸಂಗೀತಗಳ ಪೋಷಕರಾಗಿದ್ದ ಸ್ವಾಮೀಜಿಯವರು 2020ರ ಸೆಪ್ಟೆಂಬರ್ 6ರಂದು ಅಸ್ತಂಗತರಾದರು.

ಈ ತೀರ್ಪು ಲೋಕದ ಕಾನೂನು ಗ್ರಂಥಾಲಯಗಳಲ್ಲಿದೆ. ಆದರೆ ಅದೇ ಕಾಲದ ಇನ್ನೊಂದು ಭಾಗವಿದೆ. ಅದೇ ಕಾನೂನಿನಿಂದ ಒಕ್ಕಲಿನ ಮನೆಗಳಲ್ಲಿ ಹಕ್ಕುಪತ್ರ ಕೈಗೆ ಬಂದ ದಿನ ಹೇಗಿತ್ತು? ಗೇಣಿಯ ಅಕ್ಕಿ ಅಳೆಯುತ್ತಿದ್ದ ಮನೆ ಮತ್ತು ಅಳೆಸಿಕೊಳ್ಳುತ್ತಿದ್ದ ಮನೆಗಳ ನಡುವಿನ ಮಾತುಕತೆ ಆಮೇಲೆ ಹೇಗೆ ಬದಲಾಯಿತು? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಶಾಲೆಗೆ ಹೋಗುತ್ತಿದ್ದವರು ಏನು ಕಂಡರು? 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾದಾಗ ಊರವರು ಏನೆಂದರು? ಇವುಗಳಿಗೆ ಉತ್ತರ ಬಲ್ಲವರು ನಿಮ್ಮ ಮನೆಯ ಚಾವಡಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಕುಳಿತಿದ್ದಾರೆ. ಅವರಲ್ಲಿ ಅನೇಕರಿಗೆ ಈಗ ಎಂಬತ್ತು ದಾಟಿದೆ. ಅವರು ಹೇಳುವುದಕ್ಕೆ ಯಾವ ಕಪಾಟಿನಲ್ಲೂ ಸಂಖ್ಯೆ ಬಿದ್ದಿಲ್ಲ.

ಅಮೆರಿಕದ ಕಪಾಟಿನಲ್ಲಿ ಕನ್ನಡ

ಅಮೆರಿಕ ನಮ್ಮ ಕಪಾಟಿಗೆ ಬಂದಂತೆ ನಾವೂ ಅಮೆರಿಕದ ಕಪಾಟಿಗೆ ಹೋಗಿದ್ದೇವೆ. 1954ರ ಒಂದು ಕಾನೂನಿನಂತೆ ಅಮೆರಿಕವು ಭಾರತಕ್ಕೆ ಗೋಧಿ ಮೊದಲಾದ ಧಾನ್ಯಗಳನ್ನು ರೂಪಾಯಿಗೆ ಮಾರುತ್ತಿತ್ತು. ‘ಪಿ.ಎಲ್. 480’ ಎಂದು ಆ ಕಾಲದವರು ಕೇಳಿದ ಹೆಸರು ಅದರದೇ. ಹೀಗೆ ಸಂಗ್ರಹವಾದ ರೂಪಾಯಿಗಳ ಒಂದು ಪಾಲಿನಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ದಿಲ್ಲಿಯ ತನ್ನ ಕಚೇರಿಯ ಮೂಲಕ ಭಾರತದ ಭಾಷೆಗಳ ಪುಸ್ತಕಗಳನ್ನು ಕೊಂಡು ತನ್ನ ದೇಶದ ಗ್ರಂಥಾಲಯಗಳಿಗೆ ಕಳುಹಿಸಿತು. ಕನ್ನಡ ಪುಸ್ತಕಗಳೂ ಹಾಗೆ ಕಡಲು ದಾಟಿದವು. ನಾವು ಅವರ ಗೋಧಿ ಉಂಡೆವು, ಅವರ ಗ್ರಂಥಾಲಯಗಳು ನಮ್ಮ ಪುಸ್ತಕಗಳನ್ನು ಸಂಗ್ರಹಿಸಿದವು.

ಮೈಸೂರಿನ ಎ. ಕೆ. ರಾಮಾನುಜನ್ ಅವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದು, ವಚನಗಳ ಇಂಗ್ಲಿಷ್ ಅನುವಾದವನ್ನು 1973ರಲ್ಲಿ ಪ್ರಕಟಿಸಿದರು. ನಮ್ಮ ಎಡನೀರಿನ ಹೆಸರು ದೇಶಕ್ಕೆಲ್ಲ ತಿಳಿದ ವರ್ಷವೂ ಅದೇ. ಅವರು ಕನ್ನಡದ ಅಜ್ಜಿಕತೆಗಳನ್ನು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡಿದ್ದರು. ಅವರು ತೀರಿಕೊಂಡ ಬಳಿಕ 1997ರಲ್ಲಿ ಅವು ಅಮೆರಿಕದಲ್ಲಿ ಪುಸ್ತಕವಾಗಿ ಬಂದವು. ಅಡುಗೆಮನೆಯಲ್ಲಿ ಹೇಳಿದ ಕಥೆ ಅಮೆರಿಕದ ಕಪಾಟಿನಲ್ಲಿ ಸಂಖ್ಯೆ ಪಡೆಯಿತು. ಕಾರಣವಿಷ್ಟೇ: ಒಬ್ಬರು ಕುಳಿತು ಕೇಳಿದರು, ಕೇಳಿದ್ದನ್ನು ಬರೆದರು.

ಕನ್ನಡದ ಕಪಾಟು

ಇನ್ನು ಪೋಷಕರೂ ಗಮನಿಸಬೇಕಾದ ಒಂದು ಮಾತು. ಅಂದು ವಾಚನಾಲಯದ ಕನ್ನಡ ಕಪಾಟಿನಿಂದ ನಮ್ಮ ವಿದ್ಯಾರ್ಥಿನಿಯೊಬ್ಬಳು ಒಂದು ಪುಸ್ತಕ ತೆಗೆದಳು. ಅದರ ಹಿಂಬದಿಯಲ್ಲಿ ಹಿಂದಿರುಗಿಸುವ ದಿನಾಂಕ ಬರೆಯುವ ಚೀಟಿ ಅಂಟಿಸಿತ್ತು. ಕೊನೆಯ ದಿನಾಂಕವನ್ನು ನೋಡಿ ಅವಳು, “ನಾನು ಆಗ ಹುಟ್ಟಿರಲಿಲ್ಲ” ಎಂದಳು. ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ.

ಗ್ರಂಥಾಲಯ ಶಾಸ್ತ್ರಕ್ಕೆ ಭಾರತದಲ್ಲಿ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಅವರು 1917ರಲ್ಲಿ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ವೃತ್ತಿ ಆರಂಭಿಸಿದವರು. ಪುಸ್ತಕವಿರುವುದು ಬಳಸುವುದಕ್ಕಾಗಿ, ಒಂದೊಂದು ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗನಿದ್ದಾನೆ ಎಂಬುದು ಅವರ ಬೋಧನೆ. ಅವರ ಪ್ರಯತ್ನದಿಂದಲೇ 1948ರ ಮದರಾಸು ಗ್ರಂಥಾಲಯ ಕಾನೂನು ಬಂತು. ಆಗ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಾದುದರಿಂದ ಆ ಕಾನೂನು ನಮಗೂ ಅನ್ವಯಿಸಿತ್ತು. 1989ರಲ್ಲಿ ಇಡೀ ಕೇರಳಕ್ಕೆ ಒಂದೇ ಕಾನೂನು ಬಂದು ಗ್ರಂಥಾಲಯಗಳಿಗೆ ಸಹಾಯಧನ ನೀಡುವ ವ್ಯವಸ್ಥೆಯಾಯಿತು. ನಾವು ಕಟ್ಟುವ ಕಟ್ಟಡ ತೆರಿಗೆಯ ಜೊತೆಗೆ ಒಂದು ಸಣ್ಣ ಅಂಶ ಗ್ರಂಥಾಲಯಕ್ಕೆಂದು ಸಲ್ಲುತ್ತದೆ. ಆದುದರಿಂದ ವಾಚನಾಲಯ ನಮ್ಮದೇ.

ವಾಚನಾಲಯದವರು ಹೊಸ ಪುಸ್ತಕ ಕೊಳ್ಳುವಾಗ ಓದುಗರು ಒಯ್ಯುವ ಪುಸ್ತಕಗಳನ್ನು ನೋಡುವುದು ಸಹಜ. ಮಲಯಾಳ ಪುಸ್ತಕಗಳಿಗೆ ಓದುಗರಿದ್ದಾರೆ, ಅವು ಬರುತ್ತವೆ; ಅದು ಸಂತೋಷದ ವಿಷಯವೇ. ಕನ್ನಡ ಪುಸ್ತಕವನ್ನು ಯಾರೂ ಒಯ್ಯದೆ ಇದ್ದರೆ ಕೊಳ್ಳುವವರು ಏನು ಮಾಡಿಯಾರು? ಕನ್ನಡಕ್ಕಾಗಿ ನಾವು ಸಭೆಯಲ್ಲಿ ಗಟ್ಟಿಯಾಗಿ ಮಾತಾಡುತ್ತೇವೆ. ವಾಚನಾಲಯಕ್ಕೆ ಆ ಮಾತು ಕೇಳಿಸುವುದಿಲ್ಲ. ಅದಕ್ಕೆ ಕೇಳಿಸುವುದು ಚೀಟಿಯ ಮೇಲೆ ಬೀಳುವ ದಿನಾಂಕ ಮಾತ್ರ. ಅಂದು ಆ ಹುಡುಗಿ ಸದಸ್ಯಳಾಗಿ ಆ ಪುಸ್ತಕವನ್ನು ಮನೆಗೊಯ್ದಳು. ಚೀಟಿಯಲ್ಲಿ ಹೊಸ ದಿನಾಂಕ ಬಿತ್ತು.

ಮಾಡಿ ನೋಡಿರಿ

ಪಾಠವೆಂದ ಮೇಲೆ ಅಭ್ಯಾಸ ಇರಲೇಬೇಕಲ್ಲವೇ?

1. ಸಮೀಪದ ವಾಚನಾಲಯಕ್ಕೆ ಸದಸ್ಯರಾಗಿರಿ. ತಿಂಗಳಿಗೆ ಒಂದಾದರೂ ಕನ್ನಡ ಪುಸ್ತಕವನ್ನು ಹೆಸರು ಬರೆಸಿ ತನ್ನಿರಿ. ಚಿತ್ರಕಥೆಯಾದರೂ ಅಡ್ಡಿಯಿಲ್ಲ.

2. ನಿಮಗೆ ಮೆಚ್ಚಿನ ಅಮೆರಿಕದ ಚಿತ್ರಕಥೆಯ ವೀರನನ್ನೂ ನೀವು ಕಂಡ ಯಕ್ಷಗಾನದ ಒಂದು ವೇಷವನ್ನೂ ಹೋಲಿಸಿ ಒಂದು ಪುಟ ಬರೆಯಿರಿ. ಉಡುಪು ಮತ್ತು ಬಣ್ಣದಿಂದಲೇ ಪಾತ್ರದ ಗುಣ ಹೇಗೆ ತಿಳಿಯುತ್ತದೆ?

3. ಮನೆಯ ಹಿರಿಯರೊಬ್ಬರನ್ನು ಕೇಳಿ, ಅವರ ಬಾಲ್ಯದ ಒಂದು ಸಂಗತಿಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿರಿ. ಊರು, ವರ್ಷ, ಹೇಳಿದವರ ಹೆಸರು, ಬರೆದ ದಿನಾಂಕ, ಈ ನಾಲ್ಕನ್ನು ಮರೆಯದಿರಿ. ಬೇರೆಯವರಿಗೆ ನೋವಾಗುವ ಮಾತಿದ್ದರೆ ಅವರನ್ನು ಕೇಳದೆ ಬರೆಯಬೇಡಿರಿ.

ಈ ಮೂರನೆಯ ಅಭ್ಯಾಸದ ಬರಹಗಳನ್ನು ನಾವು ಒಟ್ಟುಗೂಡಿಸಿ ಹೊಲಿದು, ರಟ್ಟು ಹಾಕಿಸಿ ಶಾಲೆಯ ಗ್ರಂಥಾಲಯದಲ್ಲಿ ಇಡಲಿದ್ದೇವೆ. ದಾಖಲೆ ಪುಸ್ತಕದಲ್ಲಿ ಅದಕ್ಕೂ ಒಂದು ಕ್ರಮಸಂಖ್ಯೆ ಬೀಳುವುದು. ಮೊದಲ ಪುಟಗಳು ಆಗಲೇ ಬಂದಿವೆ. ಹಕ್ಕುಪತ್ರ ತರಲು ಅಜ್ಜನ ಜೊತೆಗೆ ಕಾಸರಗೋಡಿಗೆ ನಡೆದುಹೋದ ನೆನಪನ್ನು ಒಬ್ಬರು ಹೇಳಿದ್ದಾರೆ. ಬರೆದು ತಂದವನು ಆ ಸ್ಪೈಡರ್‌ಮ್ಯಾನ್ ಚೀಲದ ಹುಡುಗ.